ರಾಟೆಗೊಂದು ಬುಷ್

ಕಪಿಲೆಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಹೊಳೆ ಪಕ್ಕದಲ್ಲೇ ಹರಿಯುತ್ತಿದ್ದರೂ ಮಠದವರು ಕುಡಿಯುತ್ತಿದ್ದುದು ಬಾವಿಯ ನೀರು. ಯಾಕೆಂದರೆ ಹೊಳೆಗೆ ಇಳಿಯುವ ದಾರಿ ಬಹಳ ಕಡಿದು. ಮೇಲಾಗಿ ಅಲ್ಲಿ ಎಮ್ಮೆ ತೊಳೆಯುತ್ತಿದ್ದರು.

ಬಾವಿಗೆ ಒಂದು ಕಬ್ಬಿಣದ ರಾಟೆ. ಅದು ಎಷ್ಟು ಸವೆದಿತ್ತೆಂದರೆ, ಹಗ್ಗ ಎಳೆದಾಗ ತಿರುಗುವುದಕ್ಕಿಂತ ಹೆಚ್ಚಾಗಿ ಅತ್ತಿತ್ತ ಒಲೆಯುತ್ತಿತ್ತು. ಒಲೆದಾಗ ಹಗ್ಗ ಜಾರಿ ಪಕ್ಕದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ತುಂಬಿದ ಬಿಂದಿಗೆಯ ಭಾರವೆಲ್ಲ ಎಳೆಯುವವರ ಭುಜಕ್ಕೆ ಬೀಳುತ್ತಿತ್ತು.

ಎಳೆಯುತ್ತಿದ್ದವಳು ಅಡುಗೆಯ ಪುಟ್ಟಮ್ಮಣ್ಣಿ. ಅವಳ ಬಲಭುಜ ಊದಿಕೊಂಡಿತ್ತು.

"ಶಿವನಂಜು, ರಾಟೆ ಏನಾಯ್ತು?" ಎಂದು ಚಿಕ್ಕಲಿಂಗ ಸ್ವಾಮಿಗಳು ಕೇಳಿದರು.

"ನಾಳೆ ಆಗುತ್ತೆ ಬುದ್ಧಿ," ಎಂದ ಶಿಷ್ಯ.

"ನಿನ್ನೇನೂ ನಾಳೆ ಅಂದೆ."

"ನಿನ್ನೆ ಲೇತು ಸರಿ ಇರಲಿಲ್ಲ ಬುದ್ಧಿ."

ಆ ಕಡೆಯ ಮಠಗಳಲ್ಲಿ ಸ್ವಾಮಿಗಳನ್ನು 'ಬುದ್ಧಿ' ಎಂದೇ ಕರೆಯುವುದು. ಗೌರವದ ಮಾತು ಅದು.

"ದಿನಕ್ಕೆ ಎಷ್ಟು ಸಲ ಬುದ್ಧಿ ಬುದ್ಧಿ ಅಂತೀಯೋ ನೀನು," ಎಂದರು ಸ್ವಾಮಿಗಳು. "ಕರೆದರೆ ಬಂದುಬಿಡುತ್ತೆ ಅಂತಾನಾ?"

ಶಿವನಂಜು ತುಟಿ ಕಚ್ಚಿಕೊಂಡು ಕೊಟ್ಟಿಗೆಯ ಕಡೆ ನಡೆದ. ಅವನ ಲೇತು ಇದ್ದದ್ದು ಅಲ್ಲಿ.

ಲೇತು ಅಂದರೆ ಲೋಹ ಕಡೆಯುವ ಯಂತ್ರ. ಕಾರ್ಖಾನೆಗಳಲ್ಲಿರುವುದು ಎತ್ತಿನ ಗಾಡಿಯಷ್ಟು ಉದ್ದ. ಶಿವನಂಜುವಿನದು ಹೊಲಿಗೆ ಯಂತ್ರದಷ್ಟೇ. ಪಟ್ಟಣದಲ್ಲಿ ಗುಮಾಸ್ತನಾಗಿದ್ದಾಗ ಹವ್ಯಾಸಕ್ಕೆಂದು ಕೊಂಡದ್ದು. ಕೆಲಸ ಬಿಟ್ಟು ಮಠಕ್ಕೆ ಬರುವಾಗ ಪಾತ್ರೆ, ಹಾಸಿಗೆ, ಗಡಿಯಾರ ಎಲ್ಲವನ್ನೂ ಯಾರು ಯಾರಿಗೋ ಕೊಟ್ಟಿದ್ದ. ಲೇತನ್ನು ಮಾತ್ರ ಕೊಡಲಾಗದೆ ಹೊತ್ತು ತಂದಿದ್ದ.

ಅದು ಕೆಲಸ ಮಾಡುವ ರೀತಿ ಸುಲಭ. ಲೋಹದ ತುಂಡನ್ನು ಅದರ ದವಡೆಯಲ್ಲಿ ಬಿಗಿದರೆ ಮೋಟಾರು ಅದನ್ನು ತಿರುಗಿಸುತ್ತದೆ. ತಿರುಗುವ ತುಂಡಿಗೆ ಉಳಿಯನ್ನು ಮೆಲ್ಲಗೆ ತಾಗಿಸಿದರೆ, ಪೆನ್ಸಿಲ್ ಹೆರೆದಂತೆ ಲೋಹ ಬಿಟ್ಟುಕೊಳ್ಳುತ್ತದೆ. ಹೇಳುವುದಕ್ಕೆ ಸುಲಭ ಎಂದರ್ಥ.

ರಾಟೆಗೆ ಬೇಕಾಗಿದ್ದುದು ಒಂದು ಬುಷ್. ಅಂದರೆ ಚಕ್ರದ ತೂತಿಗೂ ಅದರೊಳಗೆ ಹಾಯುವ ಅಚ್ಚಿಗೂ ನಡುವೆ ಕೂರುವ ಹಿತ್ತಾಳೆಯ ಬಳೆ. ಅದು ಸರಿಯಾಗಿ ಕೂತರೆ ಚಕ್ರ ಒಲೆಯುವುದಿಲ್ಲ. ಅದನ್ನು ತಾನೇ ಕಡೆದುಕೊಡುತ್ತೇನೆಂದು ಶಿವನಂಜು ಎಲ್ಲರ ಎದುರು ಮಾತು ಕೊಟ್ಟಿದ್ದ. ಹೊಸ ರಾಟೆ ತರಲು ಪೇಟೆಗೆ ಹೊರಟವರನ್ನೂ ತಡೆದಿದ್ದ.

ಆಮೇಲೆ ಶುರುವಾಯಿತು ಅವನ ಪಾಡು.

ಉಳಿ ತುಸು ತಗ್ಗಾದರೆ ತುಂಡಿನ ನಡುವೆ ಒಂದು ಮೊಡವೆ ಉಳಿಯುತ್ತಿತ್ತು. ಉಳಿಯ ಕೆಳಗೆ ತಗಡಿನ ಚೂರು ಕೊಟ್ಟು ಎತ್ತರಿಸಿದರೆ, ಉಳಿ ಲೋಹವನ್ನು ಕಡೆಯುವ ಬದಲು ಸುಮ್ಮನೆ ಉಜ್ಜುತ್ತಿತ್ತು. ತಿರುಪು ಬಿಗಿ ಮಾಡಿದರೆ ಉಳಿಯನ್ನು ಸರಿಸುವ ಕೈಹಿಡಿ ತಿರುಗುತ್ತಿರಲಿಲ್ಲ. ಸಡಿಲ ಮಾಡಿದರೆ ಯಂತ್ರ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ನಡುಗಿದರೆ ಹಿತ್ತಾಳೆಯ ಮೈಮೇಲೆಲ್ಲ ಗೀರು.

ಹಾಗಾಗಿ ಶಿವನಂಜು ಮೊದಲು ಲೇತನ್ನು ಸರಿಮಾಡಿಕೊಳ್ಳೋಣ ಎಂದುಕೊಂಡ. ತಪ್ಪಾದ ಯೋಚನೆಯೇನಲ್ಲ. ಆದರೆ ಒಂದು ಸರಿಯಾದರೆ ಅದರ ಪಕ್ಕದ್ದು ಕಣ್ಣಿಗೆ ಬೀಳುತ್ತಿತ್ತು.

ಒಂದು ದಿನ ಸ್ವಾಮಿಗಳೇ ಕೊಟ್ಟಿಗೆಗೆ ಬಂದರು. ಮೇಜಿನ ಮೇಲೆ ಹೊಳೆಯುವ ಸಾಮಾನುಗಳು ಸಾಲಾಗಿದ್ದವು. ಅವರ ಮುಖ ಅರಳಿತು.

"ಎಷ್ಟೊಂದು ಮಾಡಿದೀಯ! ಈ ಹಿಡಿ ಯಾರಿಗೆ?"

"ಲೇತಿಗೆ ಬುದ್ಧಿ. ಮೊದಲಿನದು ಕೈಗೆ ಒತ್ತುತ್ತಿತ್ತು."

"ಈ ಗುಂಡು?"

"ಅದೂ ಲೇತಿಗೆ."

"ಈ ಕಾಲು?"

"ಲೇತು ಅಲ್ಲಾಡಬಾರದು ಅಂತ ಬುದ್ಧಿ."

"ಈ ಮುಚ್ಚಳ?"

"ಎಣ್ಣೆ ಡಬ್ಬಿಗೆ."

"ಎಣ್ಣೆ ಯಾರಿಗೆ?"

ಶಿವನಂಜು ಡಬ್ಬಿಯನ್ನು ಮೇಜಿನ ಕೆಳಗೆ ಸರಿಸಿದ. ಯಾಕೆಂದರೆ ಎಣ್ಣೆಯೂ ಲೇತಿಗೇ.

ಸ್ವಾಮಿಗಳು ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಸುತ್ತಿಕೊಂಡರು. ಆಮೇಲೆ, ಆ ವಯಸ್ಸಿನಲ್ಲಿ, ಮೊಣಕಾಲು ಹಿಡಿದುಕೊಂಡು ನರಳುತ್ತ ಬಗ್ಗಿ, ಲೇತಿಗೆ ಉದ್ದಂಡ ಅಡ್ಡಬಿದ್ದರು.

"ಬುದ್ಧಿ! ಏಳಿ ಬುದ್ಧಿ! ಇದೇನು ಮಾಡ್ತಿದೀರಿ!"

"ಕೈ ಕೊಡು, ಏಳಕ್ಕಾಗ್ತಿಲ್ಲ," ಎಂದರು ಸ್ವಾಮಿಗಳು. ಎದ್ದು, ಮೈಮೇಲಿನ ಹಿತ್ತಾಳೆ ಪುಡಿ ಕೊಡವಿಕೊಂಡರು. "ಇಷ್ಟು ಸೇವೆ ಮಾಡಿಸಿಕೊಂಡವರನ್ನ ನಾನು ನೋಡೇ ಇರಲಿಲ್ಲ ಕಣೋ. ನಮ್ಮ ಗುರುಗಳಿಗೂ ಇಷ್ಟು ನಡೆದಿರಲಿಲ್ಲ."

ಮಧ್ಯಾಹ್ನ ಪುಟ್ಟಮ್ಮಣ್ಣಿ ಮುತ್ತುಗದ ಎಲೆಯಲ್ಲಿ ಮುದ್ದೆ, ಸಾರು ತಂದಳು. ಶಿವನಂಜು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅದನ್ನು ಲೇತಿನ ಮುಂದೆ ಇಟ್ಟಿದ್ದಳು.

"ನಂದು?" ಎಂದ ಶಿವನಂಜು.

"ಬುದ್ಧಿಯೋರು ಒಂದೇ ಎಲೆ ಅಂದವ್ರೆ. ಇದಕ್ಕೆ ಅಂದವ್ರೆ."

"ಅಮ್ಮಣ್ಣಿ, ತಮಾಷೆ ಸಾಕು. ಹಸಿವು."

"ನಾನ್ಯಾಕೆ ತಮಾಷೆ ಮಾಡ್ಲಿ? ಯಾರ ಚಾಕರಿ ಮಾಡ್ತೀಯೋ ಅವರನ್ನೇ ಊಟ ಕೇಳು. ಲೇತಪ್ಪನೋರು ಉಂಡು ಮಿಕ್ಕಿದ್ದು ಕೊಟ್ಟರೂ ಕೊಟ್ಟಾರು." ಅವಳು ಎಡಗೈಯಿಂದ ಬಲಭುಜ ಒತ್ತಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು ತಿರುಗಿದಳು. "ಈ ರಟ್ಟೆ ಇನ್ನು ತಡಿಯಾಕಿಲ್ಲ ಕಣಪ್ಪ. ನಿನ್ನ ಮಾತು ನಂಬ್ಕೊಂಡು ಕೂತೆ ನೋಡು, ನಂದೇ ತಪ್ಪು."

ಶಿವನಂಜು ಮುದ್ದೆಯನ್ನು ನೋಡಿದ. ಮುದ್ದೆ ತಣ್ಣಗಾಗುತ್ತಿತ್ತು. ಲೇತು ಉಣ್ಣಲಿಲ್ಲ. ಅವನೂ ಉಣ್ಣಲಿಲ್ಲ. ಸಿಟ್ಟು ಯಾರ ಮೇಲೆಂದು ಅವನಿಗೇ ತಿಳಿಯಲಿಲ್ಲ. ಸ್ವಾಮಿಗಳ ಮೇಲೆ ಸ್ವಲ್ಪ, ಲೇತಿನ ಮೇಲೆ ಸ್ವಲ್ಪ, ಪುಟ್ಟಮ್ಮಣ್ಣಿಯ ಊದಿದ ಭುಜವನ್ನು ನೋಡಿದ ಮೇಲೆ ಮಿಕ್ಕಿದ್ದೆಲ್ಲ ತನ್ನ ಮೇಲೆ.

ಅವತ್ತೇ ಅವನು ಬುಷ್ ಕಡೆಯಲು ಕೂತ.

ಬಾವಿಗೆ ಓಡಿ, ತೂಗುತ್ತಿದ್ದ ರಾಟೆಯ ತೂತಿನ ಬಾಯಿ ಎಷ್ಟು ಅಗಲವೆಂದು ಅಳೆದುಕೊಂಡು ಬಂದ. ಆ ಅಳತೆಗೆ ಸರಿಯಾಗಿ ಹಿತ್ತಾಳೆಯನ್ನು ಕಡೆದ. ಆಶ್ಚರ್ಯವೆಂದರೆ ಲೇತು ಅವತ್ತು ಅಷ್ಟಾಗಿ ನಡುಗಲಿಲ್ಲ. ಬುಷ್ ಕನ್ನಡಿಯ ಹಾಗೆ ಹೊಳೆಯಿತು. ಅದರಲ್ಲಿ ಅವನ ಮೂಗು ಕಾಣುತ್ತಿತ್ತು.

ರಾಟೆಯನ್ನು ಕೆಳಗಿಳಿಸಿ ಬುಷ್ ತೂರಿಸಿದ. ಬಾಯಿಯೊಳಗೆ ಹೋಯಿತು. ಅಲ್ಲಿಗೆ ನಿಂತಿತು. ಒತ್ತಿದ. ಹೋಗಲಿಲ್ಲ. ಮರದ ಕೊಡತಿಯಿಂದ ಬಡಿದ. ಇನ್ನೂ ಬಡಿದ. ಬುಷ್ಷಿನ ಅಂಚು ಮುದುಡಿತು.

ಬಗ್ಗಿ ನೋಡಿದರೆ, ತೂತು ಡಮರುವಿನ ಆಕಾರದಲ್ಲಿತ್ತು. ಚಕ್ರ ವರ್ಷಗಟ್ಟಲೆ ಒಲೆದು ಒಲೆದು, ತೂತಿನ ಎರಡು ಬಾಯಿಗಳು ಅಗಲವಾಗಿದ್ದವು. ನಡು ಕಿರಿದಾಗಿಯೇ ಉಳಿದಿತ್ತು. ಅವನು ಬಾಯಿಯನ್ನು ಅಳೆದಿದ್ದ. ನಡುವನ್ನು ನೋಡಿರಲಿಲ್ಲ.

ಸ್ವಾಮಿಗಳು ಬಾವಿಕಟ್ಟೆಗೆ ಬಂದು ನಿಂತಿದ್ದರು.

"ಬುಷ್ ಸರಿಯಾಗಿದೆ ಬುದ್ಧಿ," ಎಂದ ಶಿವನಂಜು. "ಎಳ್ಳಷ್ಟೂ ತಪ್ಪಿಲ್ಲ. ಬೇಕಾದರೆ ನೀವೇ ನೋಡಿ. ಸರಿಯಿಲ್ಲದ್ದು ರಾಟೆ."

"ಹೌದಾ?"

"ಹೌದು ಬುದ್ಧಿ. ರಾಟೆಯ ತೂತೇ ನೆಟ್ಟಗಿಲ್ಲ."

"ನೆಟ್ಟಗಿದ್ದಿದ್ರೆ ನಿನ್ನನ್ನ ಯಾಕೋ ಕೇಳ್ತಿದ್ದೆ?"

ಶಿವನಂಜು ರಾಟೆಯನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋದ. ತೂತನ್ನು ಲೇತಿನಲ್ಲೇ ನೆಟ್ಟಗೆ ಮಾಡಿಬಿಡೋಣ ಎಂದು. ಆದರೆ ರಾಟೆ ತಟ್ಟೆಯಷ್ಟು ಅಗಲ, ಲೇತು ಬಟ್ಟಲು ತಿರುಗುವಷ್ಟು. ರಾಟೆ ಅದರ ದವಡೆಗೆ ಕೂರಲೇ ಇಲ್ಲ. ಮೇಲಿಟ್ಟರೆ ಕೆಳಗೆ ತಾಗುತ್ತಿತ್ತು, ಓರೆ ಮಾಡಿದರೆ ಪಕ್ಕಕ್ಕೆ ತಾಗುತ್ತಿತ್ತು.

ಅವನು ವಾಪಸು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಸ್ವಾಮಿಗಳು ಒಳಗೆ ಸೊಪ್ಪು ಬಿಡಿಸುತ್ತಿದ್ದರು. ಪುಟ್ಟಮ್ಮಣ್ಣಿಗೆ ಬಲಗೈ ಎತ್ತಲಾಗುತ್ತಿರಲಿಲ್ಲವಲ್ಲ, ಅದಕ್ಕೆ.

"ಬುದ್ಧಿ, ನನ್ನ ಲೇತು ಚಿಕ್ಕದಾಯ್ತು. ಇನ್ನೊಂದು ಸ್ವಲ್ಪ ದೊಡ್ಡ ಲೇತು ಇದ್ದಿದ್ದರೆ..."

ಸ್ವಾಮಿಗಳು ಕಣ್ಣು ಮುಚ್ಚಿಕೊಂಡರು.

"ಪುಟ್ಟಮ್ಮಣ್ಣಿ," ಎಂದರು, "ನಾಳೆಯಿಂದ ಇನ್ನೊಂದು ಎಲೆ ಜಾಸ್ತಿ ಹಾಕವ್ವ."

ರಾಟೆ ಕೆಳಗಿಳಿದ ಮೇಲೆ ನೀರು ಸೇದುವುದು ಮೊದಲಿಗಿಂತ ಕಷ್ಟವಾಯಿತು. ಹಗ್ಗವನ್ನು ಕಟ್ಟೆಯ ಕಲ್ಲಿನ ಮೇಲೆ ಉಜ್ಜಿಕೊಂಡು ಕೈಯಲ್ಲೇ ಎಳೆಯಬೇಕು. ಮರುದಿನ ಶಿವನಂಜು ನೋಡಿದರೆ, ಹಗ್ಗ ಹಿಡಿದು ನಿಂತವರು ಸ್ವಾಮಿಗಳು. ಅವರ ತೆಳು ತೋಳಿನ ನರಗಳು ಎದ್ದು ಕಾಣುತ್ತಿದ್ದವು.

"ನಾನು ಸೇದ್ತೀನಿ ಬುದ್ಧಿ, ಬಿಡಿ!"

"ನಿನಗೆ ಕೆಲಸ ಇದೆ."

"ಬುದ್ಧಿ, ದಯವಿಟ್ಟು. ಕೈ ಕಿತ್ತುಹೋಗುತ್ತೆ."

"ಹೋದರೆ ಲೇತಿನಲ್ಲಿ ಇನ್ನೊಂದು ಮಾಡಿಕೊಡು," ಎಂದು ಸ್ವಾಮಿಗಳು ಏದುಸಿರು ಬಿಡುತ್ತ ಬಿಂದಿಗೆ ಎಳೆದರು. ಅರ್ಧ ನೀರು ಕಲ್ಲಿಗೆ ತಾಗಿ ಚೆಲ್ಲಿತ್ತು.

ಶಿವನಂಜು ಒಂದು ಗುಂಡು ಅರ ಹುಡುಕಿ ತಂದ. ಅರ ಅಂದರೆ ಲೋಹ ಉಜ್ಜುವ ಕಡ್ಡಿ. ಯಂತ್ರವಲ್ಲ, ಕೈಯ ಸಾಧನ. ಬಾವಿಕಟ್ಟೆಯ ಪಕ್ಕದಲ್ಲೇ ಕೂತು, ರಾಟೆಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ತೂತಿನ ನಡುವಿನ ಉಬ್ಬನ್ನು ಉಜ್ಜತೊಡಗಿದ. ಉಜ್ಜುವುದು, ಒಂದು ಸರಳು ತೂರಿಸಿ ನೋಡುವುದು, ಮತ್ತೆ ಉಜ್ಜುವುದು. ತೋಳು ಸೋತಿತು. ಮೇಲೆ ಹಗ್ಗ ಕಲ್ಲಿಗೆ ಉಜ್ಜುವ ಸದ್ದು, ಕೆಳಗೆ ಅರ ಕಬ್ಬಿಣಕ್ಕೆ ಉಜ್ಜುವ ಸದ್ದು. ಗುರು, ಶಿಷ್ಯ ಇಬ್ಬರಿಗೂ ಸಿಟ್ಟಿತ್ತು.

ಕೊನೆಗೆ ತೂತು ಈ ತುದಿಯಿಂದ ಆ ತುದಿಗೆ ನೆಟ್ಟಗಾಯಿತು.

ಈಗ ಎರಡನೆಯ ಬುಷ್. ಈ ಸಲ ಅವನು ಒಂದೇ ಅಳತೆಯನ್ನು ನಂಬಿ ಕೂರಲಿಲ್ಲ. ಒಂದಿಷ್ಟು ಕಡೆಯುವುದು, ಬುಷ್ಷನ್ನು ಮುಷ್ಟಿಯಲ್ಲಿ ಹಿಡಿದು ಬಾವಿಗೆ ಓಡುವುದು, ತೂತಿಗೆ ಹಿಡಿದು ನೋಡುವುದು, ಮತ್ತೆ ಓಡಿ ಬಂದು ಕೂದಲೆಳೆಯಷ್ಟು ಕಡೆಯುವುದು.

"ಕೂತ್ಕೊಂಡಿತೇನಪ್ಪ?" ಎಂದು ಪುಟ್ಟಮ್ಮಣ್ಣಿ ಅಡುಗೆಮನೆಯಿಂದ ಕೂಗಿದಳು.

"ಇಲ್ಲ!"

"ನೀನು ಕೂತ್ಕೊಂಡರೆ ಅದೂ ಕೂತ್ಕೊಳ್ತದೆ. ಹಿಂಗೆ ಓಡ್ತಿದ್ರೆ ಯಾವ್ದು ಕೂತ್ಕೊಳ್ತದೆ?"

ಅವನು ಮತ್ತೊಮ್ಮೆ ಕಡೆದು ಓಡಿದ. ಬುಷ್ ತೂತಿನ ಬಾಯಿಯಲ್ಲಿ ಕಚ್ಚಿ ನಿಂತಿತು. ಒತ್ತಿದರೆ ಇಳಿಯಲೊಲ್ಲದು. ಇನ್ನೊಂದೇ ಒಂದು ಎಳೆ ತೆಗೆದರೆ ಆಯಿತು ಅನ್ನಿಸಿತು. ಓಡಿ ಹೋಗಿ ಅದನ್ನೂ ತೆಗೆದ. ಬಂದು ತೂರಿಸಿದ. ಕೊಡತಿಯ ಎರಡೇಟಿಗೆ ಬಿಗಿಯಾಗಿ ಇಳಿದು ಕೂತಿತು.

"ಬುದ್ಧಿ! ಕೂತಿತು ಬುದ್ಧಿ! ಬನ್ನಿ!"

ಸ್ವಾಮಿಗಳು ಹಗ್ಗ ಬಿಟ್ಟು ಬಂದರು. ಪುಟ್ಟಮ್ಮಣ್ಣಿಯೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಶಿವನಂಜು ಲೇತಿನ ವಿಷಯ, ಅರದ ವಿಷಯ, ತಾನು ಹೇಗೆ ಅಂದಾಜು ಮಾಡಿದೆ ಎಂಬ ವಿಷಯ ಎಲ್ಲವನ್ನೂ ವಿವರಿಸಿದ. ವಿವರಿಸುತ್ತ ವಿವರಿಸುತ್ತ ಹೊತ್ತು ಹೋಯಿತು. ತೋರಿಸಲೆಂದು ರಾಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

ಬುಷ್ ತೂತಿನಿಂದ ಜಾರಿ, ಕಲ್ಲಿನ ಮೇಲೆ ಟಣ್ಣೆಂದು ಬಿತ್ತು.

ಮೂವರೂ ಅದು ಉರುಳುವುದನ್ನು ನೋಡಿದರು.

"ಈಗ ತಾನೇ ಬಿಗಿಯಾಗಿತ್ತು!" ಎಂದು ಶಿವನಂಜು ಕೂಗಿದ. "ಅಮ್ಮಣ್ಣಿ, ನೀವೇ ಸದ್ದು ಕೇಳಿದ್ರಲ್ಲ? ಏಟಿಗೆ ಇಳೀತು. ಬಿಗಿಯಾಗಿತ್ತು!"

ಸ್ವಾಮಿಗಳು ಬುಷ್ಷನ್ನು ಎತ್ತಿಕೊಂಡು ಅಂಗೈಯಲ್ಲಿ ಇಟ್ಟುಕೊಂಡರು. "ಕಡೆದಾಗ ಇದು ಹೀಗೇ ತಣ್ಣಗಿತ್ತಾ?"

ಶಿವನಂಜು ಬುಷ್ಷನ್ನು ಮುಟ್ಟಿ ನೋಡಿದ.

ಲೇತಿನ ಮೇಲೆ ಕಡೆದ ಲೋಹ ಬಿಸಿಯಾಗುತ್ತದೆ. ಬಿಸಿಯಾದ ಲೋಹ ತುಸು ಹಿಗ್ಗುತ್ತದೆ. ಆರಿದ ಮೇಲೆ ಕುಗ್ಗುತ್ತದೆ. ಇದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಪುಸ್ತಕದಲ್ಲಿ ಓದಿದ್ದ, ಅಡಿಗೆರೆಯನ್ನೂ ಎಳೆದಿದ್ದ. ಆದರೆ ಓಡುವ ಭರದಲ್ಲಿ, ಬಿಸಿ ಬಿಸಿಯಾಗಿದ್ದಾಗಲೇ ತೂರಿಸಿ ನೋಡಿ, ಇನ್ನೂ ದಪ್ಪ ಇದೆ ಎಂದುಕೊಂಡು, ಮತ್ತೊಂದು ಎಳೆ ತೆಗೆದುಬಿಟ್ಟಿದ್ದ. ತೆಗೆದದ್ದನ್ನು ತಿರುಗಿ ಅಂಟಿಸುವ ಲೇತು ಎಲ್ಲೂ ಇಲ್ಲ.

"ಬಿಸಿಯಲ್ಲಿದ್ದಾಗ ದೊಡ್ಡದಾಗಿತ್ತು ಬುದ್ಧಿ," ಎಂದ ಅವನು ಮೆಲ್ಲಗೆ.

"ಬಿಸಿಯಲ್ಲಿದ್ದಾಗ ಎಲ್ಲರೂ ಸ್ವಲ್ಪ ದೊಡ್ಡವರೇ," ಎಂದರು ಸ್ವಾಮಿಗಳು. ಬುಷ್ಷನ್ನು ಅವನ ಕೈಗೆ ಹಾಕಿ, ಮತ್ತೆ ಹಗ್ಗ ಹಿಡಿಯಲು ಹೋದರು. ಅವರ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿರುವುದನ್ನು ಶಿವನಂಜು ಆಗ ನೋಡಿದ.

ಅವನಿಗೆ ಲೇತನ್ನು ಎತ್ತಿ ಕಪಿಲೆಗೆ ಎಸೆಯಬೇಕು ಅನ್ನಿಸಿತು. ಅಷ್ಟು ಭಾರ ಎತ್ತಿಕೊಂಡು ಆ ಕಡಿದಾದ ದಾರಿ ಇಳಿಯಲಾಗುವುದಿಲ್ಲ ಎಂಬುದೊಂದೇ ಅದನ್ನು ಉಳಿಸಿತು.

ಹಿತ್ತಾಳೆಯ ಸರಳಿನಲ್ಲಿ ಇನ್ನೊಂದು ಬುಷ್ಷಿಗೆ ಸಾಲುವಷ್ಟು ಮಾತ್ರ ಉಳಿದಿತ್ತು.

ಅವನು ಕಡೆದ. ಯಂತ್ರ ಸ್ವಲ್ಪ ನಡುಗಿತು. ನಡುಗಲಿ ಎಂದು ಬಿಟ್ಟ. ಮೈಮೇಲೆ ಒಂದು ಗೀರು ಬಿತ್ತು. ಬೀಳಲಿ ಎಂದು ಬಿಟ್ಟ. ಇನ್ನೇನು ಅಳತೆಗೆ ಬಂತು ಅನ್ನುವಾಗ ಮೋಟಾರು ನಿಲ್ಲಿಸಿದ. ಬುಷ್ಷನ್ನು ಬಿಚ್ಚಿ ಬಾವಿಕಟ್ಟೆಯ ಮೇಲೆ, ನೆರಳಿನಲ್ಲಿ ಇಟ್ಟ. ತಾನೂ ಪಕ್ಕದಲ್ಲಿ ಕೂತ.

ಸ್ವಾಮಿಗಳು ಬಿಂದಿಗೆ ಇಳಿಸಿ ಬಂದು ಇನ್ನೊಂದು ಪಕ್ಕದಲ್ಲಿ ಕೂತರು.

"ಈಗೇನು ಮಾಡ್ತಿದೀಯ?"

"ಆರಲಿ ಅಂತ ಬುದ್ಧಿ."

"ಓಹೋ. ನೀರಿಗೆ ಅದ್ದಿದರೆ ಬೇಗ ಆರುತ್ತಲ್ಲ?"

"ಅದ್ದಬಹುದು. ಆದರೆ ಆಮೇಲೆ ನಾನು ಆರಬೇಕಲ್ಲ ಬುದ್ಧಿ."

ಸ್ವಾಮಿಗಳು ಅವನನ್ನು ಓರೆಗಣ್ಣಲ್ಲಿ ನೋಡಿದರು. ಕೆಳಗೆ ಯಾರೋ ಎಮ್ಮೆಯನ್ನು ಬೈಯುತ್ತ ತೊಳೆಯುತ್ತಿದ್ದರು. ಇಬ್ಬರೂ ಅದನ್ನು ಕೇಳುತ್ತ ಕೂತರು.

ಹಿತ್ತಾಳೆ ಪೂರ್ತಿ ಆರಿದ ಮೇಲೆ ಶಿವನಂಜು ಅದನ್ನು ತೂತಿಗೆ ಹಿಡಿದು ನೋಡಿದ. ಬಾಯಿಯಲ್ಲಿ ಕಚ್ಚಿಕೊಂಡಿತು. ಒಂದು ಎಳೆ ತೆಗೆಯೋಣವೇ ಎಂದು ಕೈ ತುರಿಸಿತು. ಕೊಟ್ಟಿಗೆಯ ಕಡೆ ಒಮ್ಮೆ ತಿರುಗಿ ನೋಡಿದ. ಹೋಗಲಿಲ್ಲ. ಬುಷ್ಷಿನ ಮೇಲೆ ಮರದ ತುಂಡಿಟ್ಟು ಕೊಡತಿಯಿಂದ ಬಡಿದ. ಅದು ಕಷ್ಟಪಟ್ಟು, ಒಂದೊಂದೇ ಏಟಿಗೆ ತುಸು ತುಸುವೇ ಇಳಿದು, ಕೂತಿತು. ರಾಟೆಯನ್ನು ಎತ್ತಿ ಅಲ್ಲಾಡಿಸಿದ. ನೆಲಕ್ಕೆ ಕುಕ್ಕಿದ. ಬುಷ್ ಮಿಸುಕಲಿಲ್ಲ. ಅಚ್ಚು ಹಾಯಿಸಿ ಕೈಯಲ್ಲಿ ತಳ್ಳಿದ. ಚಕ್ರ ತಿರುಗಿತು, ಒಲೆಯಲಿಲ್ಲ.

ರಾಟೆ ಬಾವಿಯ ಮೇಲೆ ಏರಿತು. ಹಗ್ಗ ಹಾಯಿಸಿದರು. ಪುಟ್ಟಮ್ಮಣ್ಣಿ ಯಾರನ್ನೂ ಹತ್ತಿರ ಬಿಡದೆ ತಾನೇ ಹಗ್ಗ ಹಿಡಿದಳು. ನಂಬಿಕೆಯಿಲ್ಲದವಳಂತೆ ರಾಟೆಯನ್ನೇ ನೋಡುತ್ತ ಎಳೆದಳು. ಆಮೇಲೆ ಬಲಗೈಯನ್ನು ಬಿಟ್ಟು, ಒಂದು ಮೊಣಕಾಲನ್ನು ಕಟ್ಟೆಗೆ ಆನಿಸಿ, ಎಳೆದಷ್ಟು ಹಗ್ಗವನ್ನು ಕಾಲಡಿ ತುಳಿದುಕೊಳ್ಳುತ್ತ ಎಡಗೈಯೊಂದರಲ್ಲೇ ಎಳೆದಳು. ಬಿಂದಿಗೆ ತುಳುಕದೆ ಮೇಲೆ ಬಂತು.

"ಅಯ್ಯೋ ನಿನ್ನ," ಎಂದಳು ಶಿವನಂಜುವಿಗೆ. "ಇಷ್ಟಕ್ಕೆ ಇಷ್ಟು ದಿನ ಮಾಡಿದ್ಯೇನಪ್ಪ?"

ಅವಳು ಚೊಂಬಿಗೆ ನೀರು ತುಂಬಿ, ಮೊದಲು ಸ್ವಾಮಿಗಳಿಗೆ ಕೊಟ್ಟಳು. ಅದು ಮಠದ ಪದ್ಧತಿ.

ಶಿವನಂಜು ಕಾದ. ಅವನಿಗೆ ಒಂದು ಮಾತು ಬೇಕಾಗಿತ್ತು. ಬೈದರೂ ಸರಿ, ಹೊಗಳಿದರೆ ಇನ್ನೂ ಸರಿ. ಸ್ವಾಮಿಗಳು ಬಾಯಿ ತೆರೆಯುವವರೆಗೆ ಸುಮ್ಮನಿರಬೇಕೆಂದುಕೊಂಡಿದ್ದ. ಆಗಲಿಲ್ಲ.

"ಬುದ್ಧಿ, ಬುಷ್ ಹೇಗಿದೆ?"

ಸ್ವಾಮಿಗಳು ಚೊಂಬನ್ನು ಎತ್ತಿ ಗಟಗಟನೆ ಅರ್ಧ ಕುಡಿದರು. ಗಡ್ಡ ಒರೆಸಿಕೊಂಡರು.

"ನೀರು ತಣ್ಣಗಿದೆ," ಎಂದರು.

"ನೀರಲ್ಲ ಬುದ್ಧಿ. ನಾನು ಕೇಳಿದ್ದು ಬುಷ್ಷು. ಇಷ್ಟೆಲ್ಲ ಆಯ್ತಲ್ಲ, ಬುಷ್ ಹೇಗಿದೆ ಅಂತ."

ಸ್ವಾಮಿಗಳು ನಿಟ್ಟುಸಿರು ಬಿಟ್ಟು, ಬೊಬ್ಬೆ ಒಡೆದ ಕೈಯಿಂದ ಚೊಂಬನ್ನು ಅವನ ಎದೆಗೆ ಒತ್ತಿದರು.

"ಕುಡಿದು ನೋಡು."